ವೃದ್ಧರ ಮನೆಗೆ ಎಂಥ ಅಸ್ತಿಭಾರ?

ಕಟ್ಟಡಕ್ಕೆ ಸುರಿದ ಹಣದಲ್ಲಿ ಗಣನೀಯವಾದ ಒಂದು ಪಾಲು ಯಾರ ಕಣ್ಣಿಗೂ ಬೀಳದ ಕಡೆ ಅಡಗಿರುತ್ತದೆ. ನೆಲದೊಳಗಿನ ಅಸ್ತಿಭಾರವನ್ನೂ ಗಿಲಾವಿನ ಹಿಂದಿನ ಗೋಡೆಯನ್ನೂ ಮನೆಗೆ ಬಂದ ನೆಂಟರು ನೋಡಿ ಮೆಚ್ಚುವುದಿಲ್ಲ. ಆದುದರಿಂದ ಖರ್ಚು ಅಂದಾಜನ್ನು ಮೀರುತ್ತಿದೆಯೆಂದು ಗೊತ್ತಾದೊಡನೆ ಮಾಲೀಕನ ಕತ್ತರಿ ಮೊದಲು ಅಲ್ಲಿಗೇ ಹೋಗುವುದು ಸಹಜ. ಪಾಯವನ್ನು ಒಂದು ಅಡಿ ಕಡಮೆ ತೋಡಿದರೇನು? ಗೋಡೆಯನ್ನು ಇನ್ನಷ್ಟು ತೆಳುವಾಗಿಸಿದರೇನು? ಇಂಥ ಪ್ರಶ್ನೆಗಳನ್ನು ಕೇಳುವುದು ತಪ್ಪಲ್ಲ. ಆದರೆ ಕೇಳುವುದಕ್ಕೆ ಒಂದು ಕ್ರಮವುಂಟು. ಆ ಕ್ರಮಕ್ಕೆ 'ವ್ಯಾಲ್ಯೂ ಎಂಜಿನಿಯರಿಂಗ್' ಎಂದು ಹೆಸರು. ಕನ್ನಡದಲ್ಲಿ ನಾವು ಅದನ್ನು ಮೌಲ್ಯವಿಮರ್ಶೆ ಎಂದು ಕರೆಯೋಣ. ಬ್ರಿಟನ್ನಿನಲ್ಲಿ ವೃದ್ಧರಿಗಾಗಿ ಕಟ್ಟುವ ಒಂದು ಬಗೆಯ ವಸತಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಮರ್ಶೆ ಹೇಗೆ ನಡೆಯುತ್ತದೆಂಬುದನ್ನು ನೋಡೋಣ.

ಈ ವಸತಿಯನ್ನು ಅಲ್ಲಿ 'ಷೆಲ್ಟರ್ಡ್ ಹೌಸಿಂಗ್', ಎಂದರೆ ಆಸರೆಯ ವಸತಿ, ಎನ್ನುತ್ತಾರೆ. ಇದು ಅನಾಥಾಲಯವೂ ಅಲ್ಲ, ಆಸ್ಪತ್ರೆಯೂ ಅಲ್ಲ. ಪ್ರತಿಯೊಬ್ಬ ವೃದ್ಧರಿಗೂ, ಅಥವಾ ವೃದ್ಧ ದಂಪತಿಗಳಿಗೂ, ತಮ್ಮದೇ ಬಾಗಿಲು, ತಮ್ಮದೇ ಅಡುಗೆಮನೆ ಇರುವ ಚಿಕ್ಕ ಮನೆ ದೊರೆಯುತ್ತದೆ. ಜೊತೆಗೆ ಎಲ್ಲರೂ ಸೇರುವ ಒಂದು ಹಜಾರ, ಆಪತ್ತಿನಲ್ಲಿ ಎಳೆಯಬಹುದಾದ ಕರೆಗಂಟೆಯ ದಾರ, ಆಗಾಗ ವಿಚಾರಿಸಿಕೊಳ್ಳುವ ಒಬ್ಬ ಮೇಲ್ವಿಚಾರಕ - ಇಷ್ಟು ಆಸರೆ. 1969ರಲ್ಲಿ ಅಲ್ಲಿನ ವಸತಿ ಸಚಿವಾಲಯವು ಹೊರಡಿಸಿದ 82/69 ಸಂಖ್ಯೆಯ ಸುತ್ತೋಲೆ ಇಂಥ ವಸತಿಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿತು. ಇನ್ನೂ ಚಟುವಟಿಕೆಯಿಂದಿರುವವರಿಗೆ ಬಿಡಿಮನೆಗಳು ಮೊದಲನೆಯ ವರ್ಗ. ಮಳೆ ಚಳಿಗೆ ಹೊರಗೆ ಕಾಲಿಡದೆ ಹಜಾರಕ್ಕೆ ಹೋಗಿಬರಲು ಅನುಕೂಲವಾಗುವಂತೆ ಮುಚ್ಚಿದ ಓಣಿಗಳಿಂದ ಕೂಡಿದ ಸಮುಚ್ಚಯ ಎರಡನೆಯದು. ನಮ್ಮ ಉದಾಹರಣೆಯ ಕಟ್ಟಡ ಈ ಎರಡನೆಯ ವರ್ಗದ್ದು.

ಮೌಲ್ಯವಿಮರ್ಶೆ ಹುಟ್ಟಿದ್ದು ಕಟ್ಟಡಗಳಲ್ಲಲ್ಲ, ಕಾರ್ಖಾನೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಗೆ ಬೇಕಾದ ಸಾಮಗ್ರಿಗಳು ಸಿಕ್ಕದೆ ಹೋಗುತ್ತಿದ್ದುವು; ಸಿಕ್ಕಿದ ಬೇರೆ ಸಾಮಗ್ರಿಗಳಿಂದ ಕೆಲಸ ಸಾಗಿಸಿದಾಗ ಎಷ್ಟೋ ವೇಳೆ ಕೆಲಸವೂ ಚೆನ್ನಾಗಿ ನಡೆದು ಬೆಲೆಯೂ ಇಳಿದಿತ್ತು. ಇದು ಬರಿಯ ಅದೃಷ್ಟವೋ, ಇದಕ್ಕೊಂದು ಕ್ರಮ ಉಂಟೋ ಎಂದು ವಿಚಾರಮಾಡಿದವರು ಅದೇ ಸಂಸ್ಥೆಯ ಎಂಜಿನಿಯರು ಲಾರೆನ್ಸ್ ಮೈಲ್ಸ್. 1947ರ ಸುಮಾರಿಗೆ ಅವರು ರೂಪಿಸಿದ ವಿಧಾನವನ್ನು 1954ರಲ್ಲಿ ಅಮೆರಿಕದ ನೌಕಾಪಡೆಯ ಹಡಗು ಇಲಾಖೆ ತನ್ನದಾಗಿ ಮಾಡಿಕೊಂಡಿತು. ಈ ಕುರಿತು ಮೈಲ್ಸ್ ಬರೆದ ಗ್ರಂಥ 1961ರಲ್ಲಿ ಪ್ರಕಟವಾಯಿತು.

ವಿಧಾನದ ತಿರುಳು ಬಹಳ ಸರಳ. ಒಂದು ವಸ್ತುವನ್ನು ಕಂಡಾಗ 'ಇದು ಏನು?' ಎಂದು ಕೇಳಬಾರದು. 'ಇದು ಏನು ಮಾಡುತ್ತದೆ?' ಎಂದು ಕೇಳಬೇಕು. ಉತ್ತರವನ್ನು ಎರಡೇ ಪದಗಳಲ್ಲಿ, ಒಂದು ಕ್ರಿಯೆ, ಒಂದು ನಾಮಪದ, ಹೇಳಬೇಕು. ಕಿಟಕಿಯ ಕೆಲಸವೇನು? 'ಬೆಳಕು ಬಿಡು', 'ಗಾಳಿ ಬಿಡು', 'ಮಳೆ ತಡೆ'. ಹೀಗೆ ಕೆಲಸಗಳನ್ನು ಹೆಸರಿಸಿದ ಮೇಲೆ ಅದೇ ಕೆಲಸವನ್ನು ಬೇರೆ ಯಾವ ರೀತಿಯಲ್ಲಿ ಮಾಡಿಸಬಹುದು, ಅದಕ್ಕೆ ತಗಲುವ ವೆಚ್ಚವೇನು ಎಂದು ಹುಡುಕಬೇಕು. ಮೌಲ್ಯವೆಂದರೆ ಕೆಲಸವನ್ನು ವೆಚ್ಚದಿಂದ ಭಾಗಿಸಿದರೆ ಬರುವ ಲಬ್ಧ ಎನ್ನಬಹುದು. ಕೆಲಸವನ್ನು ಹಾಗೆಯೇ ಉಳಿಸಿ ವೆಚ್ಚವನ್ನಿಳಿಸಿದರೆ ಮೌಲ್ಯ ಏರುತ್ತದೆ. ಕೆಲಸವನ್ನೂ ಕುಗ್ಗಿಸಿ ವೆಚ್ಚವನ್ನಿಳಿಸಿದರೆ ಅದು ಬರಿಯ ಅಗ್ಗದ ವ್ಯಾಪಾರ. ಪಟ್ಟಿಯಲ್ಲಿ ಒಂದು ಕೆಲಸ ಬಿಟ್ಟುಹೋಯಿತೆಂದರೆ ಮುಂದಿನ ಲೆಕ್ಕವೆಲ್ಲ ಎಷ್ಟೇ ಸರಿಯಾಗಿದ್ದರೂ ಉತ್ತರ ಕೆಡುತ್ತದೆ. ಅಸ್ತಿಭಾರದ ವಿಷಯದಲ್ಲಿ ಆಗುವುದೂ ಅದೇ.

ಅಸ್ತಿಭಾರ ಏನು ಮಾಡುತ್ತದೆ? 'ಭಾರ ಹೊರುತ್ತದೆ' ಎಂದು ಯಾರಾದರೂ ಥಟ್ಟನೆ ಹೇಳಿಯಾರು. ನಿಜ. ಆದರೆ ಲಂಡನ್ನಿನ ಸುತ್ತಲಿನ ನೆಲದಲ್ಲಿ ಅದಕ್ಕಿಂತ ಕಷ್ಟವಾದ ಇನ್ನೊಂದು ಕೆಲಸ ಅದಕ್ಕುಂಟು. ಅಲ್ಲಿನ ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಹಾಳೆಗಳ ಕಟ್ಟಿನಂತಿವೆ. ಹಾಳೆಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಧಾರವಾಡ, ಗದಗ, ವಿಜಯಪುರಗಳ ಕಡೆಯ ಎರೆಭೂಮಿಯನ್ನು ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನೋಡಿದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆ ಅಂಥ ನೆಲದ ಮೇಲೆ ಕುಳಿತಿದ್ದರೆ ಗೋಡೆಯ ಒಂದು ಮೂಲೆ ಇಳಿದು ಇನ್ನೊಂದು ನಿಂತು, ನಡುವೆ ಸೀಳು ಕಾಣಿಸಿಕೊಳ್ಳುತ್ತದೆ.

ಇಂಗ್ಲೆಂಡಿನಲ್ಲಿ ಈ ತೊಂದರೆಯನ್ನು ಹೆಚ್ಚಿಸುವವು ಮರಗಳು. ಓಕ್, ಪಾಪ್ಲರ್, ವಿಲೋ ಜಾತಿಯ ಮರಗಳು ಬೇಸಗೆಯಲ್ಲಿ ಆಳದಿಂದ ನೀರನ್ನು ಹೀರಿ ಜೇಡಿಯನ್ನು ಒಣಗಿಸುತ್ತವೆ. 1976ರ ಬೇಸಗೆಯಲ್ಲಿ ಆ ದೇಶಕ್ಕೆ ಭಾರಿ ಬರ ಬಂದಾಗ ದಕ್ಷಿಣ ಇಂಗ್ಲೆಂಡಿನ ಅಸಂಖ್ಯ ಮನೆಗಳ ಗೋಡೆಗಳು ಬಿರಿದುವು. ಅಲ್ಲಿಂದಾಚೆಗೆ ಮರಗಳ ಸಮೀಪದ ಅಸ್ತಿಭಾರದ ನಿಯಮಗಳು ಬಿಗಿಯಾದುವು. ಹೆಚ್ಚು ಉಬ್ಬುವ ಜೇಡಿಯಲ್ಲಿ ಹತ್ತಿರ ಮರವೇ ಇಲ್ಲದಿದ್ದರೂ ಪಾಯ ಕನಿಷ್ಠ 1 ಮೀಟರ್ ಆಳವಿರಬೇಕೆಂದು ಅಲ್ಲಿನ ರಾಷ್ಟ್ರೀಯ ಗೃಹನಿರ್ಮಾಣ ಮಂಡಳಿ ವಿಧಿಸುತ್ತದೆ. ಮರವಿದ್ದರೆ ಅದರ ಜಾತಿ, ಎತ್ತರ, ದೂರಗಳಿಗೆ ಅನುಗುಣವಾಗಿ ಆಳ ಬೆಳೆಯುತ್ತದೆ, 2.5 ಮೀಟರನ್ನು ದಾಟಿದರೆ ಎಂಜಿನಿಯರೇ ವಿನ್ಯಾಸಮಾಡಬೇಕು.

ಆಸರೆಯ ವಸತಿಗೂ ಮರಗಳಿಗೂ ಒಂದು ನಂಟುಂಟು. ವೃದ್ಧರ ಮನೆ ಊರಾಚೆ ಇರುವಂತಿಲ್ಲ. ಅಂಗಡಿ, ಬಸ್ಸು, ವೈದ್ಯರು ನಡೆದುಹೋಗುವಷ್ಟು ಹತ್ತಿರವಿರಬೇಕು. ಊರ ನಡುವೆ ಅಷ್ಟು ದೊಡ್ಡ ನಿವೇಶನ ಸಿಕ್ಕುವುದು ಯಾವುದಾದರೂ ಹಳೆಯ ಬಂಗಲೆಯನ್ನು ಕೆಡವಿದ ಜಾಗದಲ್ಲಿ. ಅಲ್ಲಿ ಕಡಿಯಕೂಡದೆಂದು ಸರಕಾರ ಆಜ್ಞೆ ಮಾಡಿರುವ ಮುದಿ ಮರಗಳೂ ಮುಚ್ಚಿಹೋದ ನೆಲಮಾಳಿಗೆಯೂ ಕೂಡಿಯೇ ಬರುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ವಾಸ್ತವಕ್ಕೆ ಹತ್ತಿರವಾಗಿದ್ದರೂ ತಿಳಿವಳಿಕೆಗಾಗಿ ನಾವೇ ಕಲ್ಪಿಸಿಕೊಂಡಿರುವಂಥವು. ಕಟ್ಟಡ ಮೂರು ಅಂತಸ್ತಿನದು. ಅಸ್ತಿಭಾರ ಬೇಕಾಗುವ ಗೋಡೆಗಳ ಒಟ್ಟು ಉದ್ದ 200 ಮೀಟರ್. ಎರಡು ಬಗೆಯ ಕಟ್ಟೋಣಗಳನ್ನು ಹೋಲಿಸೋಣ. ಮೊದಲನೆಯದರಲ್ಲಿ ಕಾಂಕ್ರೀಟು ಇಟ್ಟಿಗೆಯ ಗೋಡೆಗಳ ಮೇಲೆ, ಕಾರ್ಖಾನೆಯಲ್ಲಿ ಎರಕಹೊಯ್ದು ತಂದ ಪೊಳ್ಳು ಕಾಂಕ್ರೀಟು ಹಲಗೆಗಳನ್ನು ಹಾಸುತ್ತಾರೆ. ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಪಾಯದ ಮೇಲೆ ಸುಮಾರು 15 ಟನ್ ಬೀಳುತ್ತದೆ. ಎರಡನೆಯದರಲ್ಲಿ ಗೋಡೆ, ಮೇಲಂತಸ್ತಿನ ಹಾಸು ಎರಡೂ ಮರದ ಚೌಕಟ್ಟಿನವು. ನೆಲದ ಹಾಸು ಮಾತ್ರ ಕಾಂಕ್ರೀಟು. ಆಗ ಭಾರ ಸುಮಾರು 8 ಟನ್ನಿಗೆ ಇಳಿಯುತ್ತದೆ.

ಭಾರ ಹೆಚ್ಚುಕಡಮೆ ಅರ್ಧವಾಯಿತು. ಪಾಯದ ಖರ್ಚೂ ಅರ್ಧವಾಗಬೇಕಲ್ಲವೆ? ಮರಗಳಿಂದಾಗಿ ಪಾಯ 2.5 ಮೀಟರ್ ಆಳ ಹೋಗಬೇಕೆಂದಿಟ್ಟುಕೊಳ್ಳಿ. ಕಂದಕ ತೋಡಿ ಅದರ ತುಂಬ ಕಾಂಕ್ರೀಟು ಸುರಿಯುವುದು ರೂಢಿಯ ವಿಧಾನ. ಭಾರದ ಕಟ್ಟಡಕ್ಕೆ ಕಂದಕ 0.75 ಮೀಟರ್ ಅಗಲವಿರಬೇಕಾದರೆ 375 ಘನಮೀಟರ್ ಕಾಂಕ್ರೀಟು ಹಿಡಿಯುತ್ತದೆ. ಹಗುರ ಕಟ್ಟಡಕ್ಕೆ ಲೆಕ್ಕದ ಪ್ರಕಾರ ಅದರ ಅರ್ಧ ಅಗಲ ಸಾಕು. ಆದರೆ ತೋಡುವ ಯಂತ್ರದ ಬಾಯಿ, ಮೇಲೆ ನಿಲ್ಲಬೇಕಾದ ಗೋಡೆಯ ದಪ್ಪ ಇವುಗಳಿಗಾಗಿ 0.6 ಮೀಟರಿಗಿಂತ ಕಿರಿದು ಮಾಡುವುದಕ್ಕಾಗುವುದಿಲ್ಲವೆನ್ನೋಣ. ಆಗ 300 ಘನಮೀಟರ್ ಬೇಕು. ಮೇಲಿನ ಭಾರವನ್ನು ಅರ್ಧಕ್ಕಿಳಿಸಿದರೂ ಉಳಿದದ್ದು ಐದರಲ್ಲಿ ಒಂದು ಪಾಲು ಮಾತ್ರ! ಕಾರಣ ಸ್ಪಷ್ಟ. ಇಲ್ಲಿ ಪಾಯದ ಗಾತ್ರವನ್ನು ನಿರ್ಧರಿಸಿದ್ದು ಕಟ್ಟಡದ ಭಾರವಲ್ಲ, ಪಕ್ಕದ ಮರ.

ಇನ್ನೊಂದು ದಾರಿ ನೋಡೋಣ. ನೆಲದಲ್ಲಿ ದುಂಡನೆಯ ರಂಧ್ರ ಕೊರೆದು ಕಾಂಕ್ರೀಟು ತುಂಬಿದ ಆಳವಾದ ಕಂಬಗಳಿಗೆ ಪೈಲ್ ಎನ್ನುತ್ತಾರೆ. ಪೈಲು ತನ್ನ ಮೈಯುದ್ದಕ್ಕೂ ಮಣ್ಣಿನ ಹಿಡಿತದಿಂದ ಭಾರವನ್ನು ಹೊರುತ್ತದೆ. ಮರದ ಪ್ರಭಾವಕ್ಕೆ ಸಿಕ್ಕುವ ಮೇಲಿನ 3 ಮೀಟರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂವರೆ ಮೀಟರಿಗೊಂದರಂತೆ 80 ಪೈಲುಗಳು, ಒಂದೊಂದೂ 15 ಮೀಟರ್ ಆಳ. ಅವುಗಳ ತಲೆಗಳನ್ನು ಕಟ್ಟಿಹಾಕುವ ತೊಲೆಗಳಿಗೆ 45 ಘನಮೀಟರ್. ಭಾರದ ಕಟ್ಟಡಕ್ಕೆ 450 ಮಿಲಿಮೀಟರ್ ವ್ಯಾಸದ ಪೈಲು ಬೇಕು; ತೊಲೆಗಳೂ ಸೇರಿ ಒಟ್ಟು ಕಾಂಕ್ರೀಟು ಸುಮಾರು 235 ಘನಮೀಟರ್. ಹಗುರ ಕಟ್ಟಡಕ್ಕೆ 300 ಮಿಲಿಮೀಟರ್ ಸಾಕು. ಒಟ್ಟು ಸುಮಾರು 130. ಇಲ್ಲಿ ಮಾತ್ರ ಹಗುರತನಕ್ಕೆ ಬೆಲೆ ಬಂದಿತು. ಕಂದಕದ ಪಾಯವನ್ನು ಮೊದಲೇ ಗೊತ್ತುಮಾಡಿಕೊಂಡು 'ಮರವೋ ಇಟ್ಟಿಗೆಯೋ' ಎಂದು ಕೇಳಿದವನಿಗೂ, ಪೈಲನ್ನು ಗೊತ್ತುಮಾಡಿಕೊಂಡು ಕೇಳಿದವನಿಗೂ ಬೇರೆ ಬೇರೆ ಉತ್ತರ ಬರುವುದು ಹೀಗೆ. ಅಸ್ತಿಭಾರದವರು ಒಂದು ಕೋಣೆಯಲ್ಲಿ, ಕಟ್ಟೋಣದವರು ಇನ್ನೊಂದು ಕೋಣೆಯಲ್ಲಿ ಕುಳಿತು ಮಾಡುವ ಉಳಿತಾಯದಲ್ಲಿ ನಮಗೇನೂ ನಂಬಿಕೆಯಿಲ್ಲ.

ಕಾಂಕ್ರೀಟಿನ ಗಾತ್ರವೊಂದೇ ಖರ್ಚಲ್ಲ ಎಂಬುದನ್ನೂ ಹೇಳಬೇಕು. ಪೈಲು ಕೊರೆಯುವ ಭಾರಿ ಯಂತ್ರ ಬಂದು ನಿಲ್ಲಲು ಜಲ್ಲಿಕಲ್ಲಿನ ಗಟ್ಟಿ ಜಗಲಿ ಬೇಕು; ಉಕ್ಕಿನ ಸರಳು ಹೆಚ್ಚು ಬೇಕು. ಅತ್ತ ಕಂದಕದಿಂದ ತೆಗೆದ ಮಣ್ಣನ್ನು ಸಾಗಿಸಿ ಸುರಿಯುವುದಕ್ಕೂ ಹಣ ಬೇಕು. 1996ರಿಂದ ಬ್ರಿಟನ್ನಿನಲ್ಲಿ ಕಸ ಸುರಿಯುವ ಗುಂಡಿಗೆ ಹೋಗುವ ಪ್ರತಿ ಟನ್ನಿಗೂ ತೆರಿಗೆ ಇದೆ. ಪಾಯ ಆಳವಿಲ್ಲದ ಕಡೆ, ಮರವೂ ಇಲ್ಲದ ಕಡೆ, ಕಂದಕವೇ ಗೆಲ್ಲುತ್ತದೆ.

ಹಗುರವಾದುದರಿಂದ ಒಂದು ಅಪಾಯವೂ ಇದೆ. ನಿವೇಶನದ ಮರವನ್ನು ಕಡಿದರೆ ಅದುವರೆಗೆ ಒಣಗಿದ್ದ ಜೇಡಿ ಹಲವು ವರ್ಷಗಳ ಕಾಲ ಮೆಲ್ಲಮೆಲ್ಲನೆ ನೀರು ಕುಡಿದು ಮೇಲಕ್ಕೆ ಉಬ್ಬುತ್ತದೆ. ಭಾರದ ಕಟ್ಟಡ ಅದನ್ನು ಅಷ್ಟಿಷ್ಟು ಅದುಮಿ ಹಿಡಿದೀತು. ಹಗುರ ಕಟ್ಟಡವನ್ನು ಅದು ಸುಲಭವಾಗಿ ಎತ್ತುತ್ತದೆ. ಆದುದರಿಂದ ತೊಲೆಗಳ ಕೆಳಗೆ, ನೆಲದ ಹಾಸಿನ ಕೆಳಗೆ, ಮಣ್ಣು ಉಬ್ಬಲು ಬರಿದಾದ ಜಾಗ ಬಿಡುತ್ತಾರೆ. ಉಬ್ಬುವ ಮಣ್ಣು ಪೈಲಿನ ಕತ್ತನ್ನು ಹಿಡಿದು ಮೇಲಕ್ಕೆಳೆಯುವುದರಿಂದ ಪೈಲು ತುಂಡಾಗದಂತೆ ಉಕ್ಕಿನ ಸರಳನ್ನು ಕೆಳಗಿನವರೆಗೂ ಇಳಿಬಿಡುತ್ತಾರೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನ ಸಂಸ್ಥೆ ನಮ್ಮ ಎರೆಮಣ್ಣಿಗಾಗಿ ಬೆಳೆಸಿದ ಪೈಲಿನಲ್ಲಿ ಇದಕ್ಕೆ ಇನ್ನೊಂದು ಜಾಣ್ಮೆಯ ಉಪಾಯವಿದೆ. ಕಂಬದ ಬುಡದಲ್ಲಿ ಅದರ ವ್ಯಾಸದ ಎರಡೂವರೆ ಪಟ್ಟು ಅಗಲದ ಗೆಡ್ಡೆಯಂಥ ಉಬ್ಬನ್ನು ಎರಕಹೊಯ್ಯುತ್ತಾರೆ. ನೀರಿನ ಏರಿಳಿತ ಮುಟ್ಟದ ಆಳದಲ್ಲಿ ಅದು ಗೂಟದಂತೆ ಕಚ್ಚಿಕೊಂಡು ನಿಲ್ಲುತ್ತದೆ.

ಇಷ್ಟೂ ಆಯಿತು, ಹಗುರ ಕಟ್ಟಡ, ಸಣ್ಣ ಪೈಲು ಅಗ್ಗವೆಂದು ಗೊತ್ತಾಯಿತು. ಹಾಗಾದರೆ ಮರದ ಚೌಕಟ್ಟನ್ನೇ ಆರಿಸೋಣವೇ? ಮೈಲ್ಸರ ಪ್ರಶ್ನೆಯನ್ನು ಈಗ ಗೋಡೆಗೂ ಹಾಸಿಗೂ ಕೇಳಬೇಕು. ಹಾಸು ಭಾರ ಹೊರುವುದಲ್ಲದೆ ಸದ್ದನ್ನೂ ತಡೆಯುತ್ತದೆ. ಕಿವಿ ಮಂದವಾದವರು ಟೆಲಿವಿಷನ್ನನ್ನು ಗಟ್ಟಿಯಾಗಿ ಹಾಕಿಕೊಳ್ಳುತ್ತಾರೆ; ಮೇಲಿನ ಮನೆಯ ಅಜ್ಜಿಗೆ ನಿದ್ರೆ ಹಗುರ. ಕಾಂಕ್ರೀಟು ಹಾಸು ತನ್ನ ತೂಕದಿಂದಲೇ ಸದ್ದನ್ನು ಬಹುಮಟ್ಟಿಗೆ ತಡೆದರೆ, ಮರದ ಹಾಸಿಗೆ ಪದರದ ಮೇಲೆ ಪದರ ಹಾಕಬೇಕು. ಭಾರದ ಗೋಡೆ ಬಿಸಿಲಿನ ಕಾವನ್ನು ಹೀರಿಕೊಂಡು ಕೋಣೆಯನ್ನು ತಂಪಾಗಿಡುವ ಗುಣವುಳ್ಳದ್ದು. ಚಳಿಯ ದೇಶದಲ್ಲಿ ಇದೇನು ಮಹಾ ಎನ್ನುವಂತಿಲ್ಲ. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ ಉಷ್ಣತೆ 40.3 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅಂಥ ದಿನಗಳಲ್ಲಿ ಮೊದಲು ಪ್ರಾಣಕ್ಕೆ ಅಪಾಯವಾಗುವುದು ವೃದ್ಧರಿಗೆ.

ಎಲ್ಲಕ್ಕಿಂತ ಮಿಗಿಲಾದುದು ಬೆಂಕಿ. ಎಳೆಯರು ಮೆಟ್ಟಿಲಿಳಿದು ಓಡುತ್ತಾರೆ. ನಡೆಗೋಲು ಹಿಡಿದವರು ಓಡಲಾರರು. ಆದುದರಿಂದ ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಾಯದಂತೆ ಗೋಡೆಯೂ ಹಾಸೂ, ಇಂಥ ಮೂರು ಅಂತಸ್ತಿನ ಕಟ್ಟಡದಲ್ಲಿ, 60 ನಿಮಿಷ ತಡೆದು ನಿಲ್ಲಬೇಕೆಂಬುದು ಅಲ್ಲಿನ ಮಾರ್ಗಸೂಚಿ. ಮರದ ಚೌಕಟ್ಟು ಇದಕ್ಕೆ ಅಸಮರ್ಥವೇನಲ್ಲ. ಜಿಪ್ಸಮ್ ಹಲಗೆಗಳ ಕವಚ ತೊಡಿಸಿ, ಗೋಡೆಯೊಳಗಿನ ಪೊಳ್ಳುಗಳಿಗೆ ಅಲ್ಲಲ್ಲಿ ತಡೆಗಳನ್ನಿಟ್ಟರೆ ಅದು ನಿಲ್ಲುತ್ತದೆ. ಆದರೆ ಒಂದು ತಡೆ ತಪ್ಪಿಹೋದರೂ ಬೆಂಕಿ ಆ ಪೊಳ್ಳಿನಲ್ಲಿ ಯಾರಿಗೂ ಕಾಣದೆ ಹರಿಯುತ್ತದೆ. 2019ರ ಆಗಸ್ಟ್ 8ರಂದು ಕ್ರೂ ಪಟ್ಟಣದ ಬೀಚ್‌ಮಿಯರ್ ಎಂಬ ವೃದ್ಧರ ವಸತಿಯ ಛಾವಣಿಯಲ್ಲಿ ಹುಟ್ಟಿದ ಬೆಂಕಿ ಆ ದೊಡ್ಡ ಮರದ ಚೌಕಟ್ಟಿನ ಕಟ್ಟಡವನ್ನೇ ನುಂಗಿತು. ಹಾಡುಹಗಲಾದುದರಿಂದ, ಸಿಬ್ಬಂದಿಯೂ ನೆರೆಯವರೂ ಒದಗಿಬಂದುದರಿಂದ, ಅಲ್ಲಿದ್ದ ಸುಮಾರು 150 ಮಂದಿಯೂ ಬದುಕಿ ಹೊರಬಂದರು. ಅವರ ಸಾಮಾನುಗಳು ಮಾತ್ರ ಬರಲಿಲ್ಲ. ಮರವನ್ನು ಆರಿಸುವವರು ಪ್ರತಿಯೊಂದು ತಡೆಯನ್ನೂ ಗೋಡೆ ಮುಚ್ಚುವ ಮೊದಲು ನೋಡಿ ಒಪ್ಪುವ ತನಿಖೆಗಾರನ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.

'ವ್ಯಾಲ್ಯೂ ಎಂಜಿನಿಯರಿಂಗ್' ಎಂಬ ಹೆಸರಿಗೆ ಬ್ರಿಟನ್ನಿನಲ್ಲಿ ಕೆಟ್ಟ ಹೆಸರು ಬಂದುದೂ ಇಂಥದೇ ಕಾರಣದಿಂದ. ಲಂಡನ್ನಿನ ಗ್ರೆನ್‌ಫೆಲ್ ಗೋಪುರವನ್ನು ನವೀಕರಿಸುವಾಗ ಹೊರಮೈಗೆ ಸತುವಿನ ತಗಡಿನ ಬದಲು, ನಡುವೆ ಪ್ಲಾಸ್ಟಿಕ್ಕು ತುಂಬಿದ ಅಲ್ಯುಮಿನಿಯಂ ಹಲಗೆಯನ್ನು ಹೊದಿಸಿದರು. ಉಳಿದದ್ದು ಸುಮಾರು 2,93,000 ಪೌಂಡು. 2017ರ ಜೂನ್ 14ರ ರಾತ್ರಿ ಆ ಹೊದಿಕೆ ಹೊತ್ತಿಕೊಂಡಿತು. 72 ಮಂದಿ ಸತ್ತರು. ಆ ಹಲಗೆ 'ಮಳೆ ತಡೆ' ಎಂಬ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಕಟ್ಟಡದ ಎತ್ತರದಲ್ಲಿಯೂ ಒಂದು ಸೂಕ್ಷ್ಮವಿದೆ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೆಯ ಅಂತಸ್ತಿನಲ್ಲಿ ಅಡುಗೆ ಅನಿಲ ಸ್ಫೋಟಿಸಿ ಒಂದು ಗೋಡೆ ಹಾರಿಹೋಯಿತು. ಅದರ ಮೇಲಿನ ಮನೆಗಳು ಕುಸಿದು, ಆ ಭಾರಕ್ಕೆ ಕೆಳಗಿನವೂ ಕುಸಿದು, ಕಟ್ಟಡದ ಒಂದು ಮೂಲೆ ಪೂರ್ತಿ ಬಿದ್ದಿತು, ನಾಲ್ವರು ತೀರಿಕೊಂಡರು. ಸಣ್ಣ ಅಪಘಾತಕ್ಕೆ ಅಳತೆಮೀರಿದ ಕುಸಿತವಾಗಕೂಡದೆಂಬ ನಿಯಮ ಅಂದಿನಿಂದ ಬಂದಿತು. ಇಂದು ಅಲ್ಲಿ ನಾಲ್ಕು ಅಂತಸ್ತಿನವರೆಗಿನ ವಸತಿಗೆ ಗೋಡೆ ಹಾಸುಗಳನ್ನು ಅಡ್ಡಡ್ಡಲಾಗಿ ಬಿಗಿದು ಕಟ್ಟಿದರೆ ಸಾಕು. ಐದನೆಯ ಅಂತಸ್ತನ್ನು ಏರಿಸಿದೊಡನೆ ಮೇಲಿನಿಂದ ಕೆಳಗಿನವರೆಗೂ ಕಟ್ಟು ಬೇಕು. ಇಲ್ಲವೇ ಒಂದೊಂದೇ ಗೋಡೆಯನ್ನು ತೆಗೆದುಹಾಕಿದರೂ ಕಟ್ಟಡ ನಿಲ್ಲುತ್ತದೆಂದು ತೋರಿಸಬೇಕು. ಇನ್ನಾರು ಮನೆಗಳು ಸಿಕ್ಕುತ್ತವೆಂಬ ಆಸೆಯಿಂದ ಸೇರಿಸಿದ ಅಂತಸ್ತು ಕೆಳಗಿನ ನಾಲ್ಕರ ಖರ್ಚನ್ನೂ ಏರಿಸುತ್ತದೆ.

ಬಹಳ ದೊಡ್ಡ ಉಳಿತಾಯಗಳು ಸರಳಿನ ದಪ್ಪದಲ್ಲಿ ಅಲ್ಲ, ನಕ್ಷೆಯಲ್ಲಿ ಸಿಕ್ಕುತ್ತವೆ. ವೃದ್ಧರೆಲ್ಲ ಸೇರುವ ಹಜಾರವನ್ನು ತೆಗೆದುಕೊಳ್ಳಿ. ಅದು ಕಂಬಗೋಡೆಗಳ ಅಡ್ಡಿಯಿಲ್ಲದೆ ವಿಶಾಲವಾಗಿರಬೇಕು. ಬಾಗಿಲ ಬಳಿ ಇರಬೇಕು. ಅದರ ಮೇಲೆ ಮನೆಗಳನ್ನಿಟ್ಟರೆ ಆ ಮನೆಗಳ ಗೋಡೆಗಳಿಗೆ ಕೆಳಗೆ ಆಧಾರವೇ ಇಲ್ಲ. ಹಜಾರದ ನೆತ್ತಿಯ ಮೇಲೆ ಭಾರಿ ತೊಲೆಗಳನ್ನು ಹಾಯಿಸಿ, ಅವುಗಳ ತುದಿಗೆ ದಪ್ಪ ಕಂಬಗಳನ್ನೂ ಅವುಗಳ ಕೆಳಗೆ ಪೈಲುಗಳ ಗುಂಪನ್ನೂ ಇಡಬೇಕು. ಹಜಾರವನ್ನು ಮುಖ್ಯ ಕಟ್ಟಡದಿಂದ ಹೊರಗೆ ಎಳೆದು ಒಂದೇ ಅಂತಸ್ತಿನ ಪಡಸಾಲೆಯಾಗಿ ಕಟ್ಟಿದರೆ ಇವೆಲ್ಲ ಮಾಯವಾಗುತ್ತವೆ. ಮೂರು ಕಡೆಯಿಂದ ಬೆಳಕೂ ಬರುತ್ತದೆ. ವೆಚ್ಚ ಇಳಿದು ಕೆಲಸವೂ ಹೆಚ್ಚುವ ಇಂಥ ಅವಕಾಶ ವಿರಳ.

ಆದರೆ ಇಲ್ಲಿಯೂ ನೆಲವನ್ನು ಮರೆಯುವಂತಿಲ್ಲ. ಹಗುರವಾದ ಪಡಸಾಲೆಗೆ ಪೈಲು ಏಕೆಂದು ತೆಳುವಾದ ಪಾಯ ಹಾಕಿದರೆ, ಪೈಲಿನ ಮೇಲಿನ ಮುಖ್ಯ ಕಟ್ಟಡ ನಿಂತಲ್ಲಿ ನಿಂತು ಪಡಸಾಲೆ ಮಾತ್ರ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಇವೆರಡರ ಸಂಧಿಯಲ್ಲಿ 20 ಮಿಲಿಮೀಟರ್ ವ್ಯತ್ಯಾಸವಾಯಿತೆನ್ನಿ. ಸಾಮಾನ್ಯ ಕಟ್ಟಡದಲ್ಲಿ ಗೋಡೆಯ ಗೀರನ್ನು ಮುಚ್ಚಿ ಸುಣ್ಣ ಬಳಿದರೆ ಮುಗಿಯಿತು. ಆಸರೆಯ ವಸತಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ದಾಟಿಹೋಗುವ ಓಣಿಯ ನಡುವೆ ಅದು ಒಂದು ಎಡವುಗಲ್ಲು; ಎಂಬತ್ತರ ವಯಸ್ಸಿನಲ್ಲಿ ಎಡವಿ ಮುರಿದ ತೊಡೆಯ ಮೂಳೆ ಅನೇಕರನ್ನು ಮತ್ತೆ ಏಳಿಸುವುದಿಲ್ಲ. ಆದುದರಿಂದ ಪಡಸಾಲೆಗೂ ಪೈಲನ್ನೇ ಹಾಕಬೇಕು, ಅಥವಾ ಸಂಧಿಯನ್ನು ಯಾರೂ ನಡೆಯದ ಕಡೆ ಇಡಬೇಕು.

ಸ್ನಾನದ ಮನೆಯ ಹಾಸಿನಲ್ಲಿಯೂ ಇದೇ ಬಗೆಯ ಎಚ್ಚರ ಬೇಕು. ತೊಟ್ಟಿಯ ಅಂಚನ್ನು ದಾಟಲಾರದವರಿಗಾಗಿ ನೆಲದ ಮಟ್ಟದಲ್ಲಿಯೇ ನೀರು ಹರಿದುಹೋಗುವ ಸ್ನಾನದ ಮನೆ ಮಾಡುತ್ತಾರೆ. ಇಳಿಜಾರಿಗೂ ಕೊಳವೆಗೂ ಅಲ್ಲಿನ ಹಾಸು ಸುತ್ತಲಿಗಿಂತ ತಗ್ಗಿರಬೇಕು. ಕಾರ್ಖಾನೆಯಲ್ಲಿ ಹಲಗೆಗಳನ್ನು ಎರಕಹೊಯ್ಯುವ ಮೊದಲೇ ಇದನ್ನು ತಿಳಿಸಿದ್ದರೆ ಹೆಚ್ಚು ಖರ್ಚಿಲ್ಲ; ಅಲ್ಲಿಗೆ ತೆಳುವಾದ ಹಲಗೆಯನ್ನು ಹಾಕುತ್ತಾರೆ. ಹಲಗೆಗಳು ಬಂದು ಕುಳಿತ ಮೇಲೆ ನೆನಪಾದರೆ ಅವುಗಳ ಒಳಗಿನ ಬಿಗಿತಂತಿಗಳಿಗೆ ಧಕ್ಕೆಯಾಗದಂತೆ ಕೆತ್ತುವುದು ಸಾಧ್ಯವಿಲ್ಲ. ಆಗ ಸ್ನಾನದ ಮನೆಯ ನೆಲವನ್ನೇ ಮೇಲೆತ್ತಬೇಕಾಗುತ್ತದೆ, ಹೊಸ್ತಿಲಲ್ಲಿ ಒಂದು ಮೆಟ್ಟಿಲು ಉಳಿದುಬಿಡುತ್ತದೆ.